ರನ್‌ವೇ ಬಳಕೆಯ ದಿಕ್ಕು ಬದಲಾವಣೆ

ವಿಮಾನ ನಿಲ್ದಾಣವೊಂದರಲ್ಲಿ ವಿಮಾನಗಳು ಮೇಲೇರುವ ಮತ್ತು ಇಳಿಯುವ ದಿಕ್ಕನ್ನು ಗಾಳಿ, ಹವಾಮಾನ ಹಾಗೂ ಸಂಚಾರದ ಸ್ಥಿತಿಗೆ ಅನುಗುಣವಾಗಿ ಬದಲಿಸುವ ಕ್ರಮವೇ ರನ್‌ವೇ ಬಳಕೆಯ ದಿಕ್ಕು ಬದಲಾವಣೆ. ರನ್‌ವೇ ಅಥವಾ ಓಡುದಾರಿಯು ನೆಲದ ಮೇಲೆ ಸ್ಥಿರವಾಗಿರುವ ಒಂದೇ ಪಟ್ಟಿಯಾದರೂ ಅದನ್ನು ಎರಡೂ ತುದಿಗಳಿಂದ ಬಳಸಬಹುದು. ಒಂದು ದಿನ ಪಶ್ಚಿಮಕ್ಕೆ ಮುಖಮಾಡಿ ಮೇಲೇರಿದ ವಿಮಾನ ಮರುದಿನ ಅದೇ ರನ್‌ವೇಯಿಂದ ಪೂರ್ವಕ್ಕೆ ಮೇಲೇರಬಹುದು. ಇದಕ್ಕೆ ಮುಖ್ಯ ಕಾರಣ ಗಾಳಿ. ವಿಮಾನಗಳು ಸಾಧ್ಯವಾದಷ್ಟು ಮಟ್ಟಿಗೆ ಗಾಳಿಗೆ ಎದುರಾಗಿ ಮೇಲೇರಬೇಕು, ಎದುರಾಗಿಯೇ ಇಳಿಯಬೇಕು ಎಂಬುದು ವಿಮಾನಯಾನದ ಹಳೆಯ ನಿಯಮ. ಮಂಜು, ಬೆಟ್ಟಗುಡ್ಡಗಳು, ಶಬ್ದಮಾಲಿನ್ಯ ಮತ್ತು ನೆರೆಯ ನಿಲ್ದಾಣಗಳ ಸಂಚಾರವೂ ಈ ಆಯ್ಕೆಯ ಮೇಲೆ ಪ್ರಭಾವ ಬೀರುತ್ತವೆ.

ಎದುರುಗಾಳಿಯ ಅಗತ್ಯ

ವಿಮಾನವನ್ನು ಎತ್ತಿಹಿಡಿಯುವುದು ಅದರ ರೆಕ್ಕೆಗಳ ಮೇಲೆ ಮತ್ತು ಕೆಳಗೆ ಹರಿಯುವ ಗಾಳಿ. ಆದ್ದರಿಂದ ಮೇಲೇರಲು ಬೇಕಾಗುವುದು ನೆಲಕ್ಕೆ ಹೋಲಿಸಿದ ವೇಗವಲ್ಲ, ಗಾಳಿಗೆ ಹೋಲಿಸಿದ ವೇಗ. ಮಧ್ಯಮ ಗಾತ್ರದ ಜೆಟ್ ವಿಮಾನವೊಂದು ನೆಲ ಬಿಡಲು 140 ನಾಟ್ ವಾಯುವೇಗ ಬೇಕೆಂದು ಇಟ್ಟುಕೊಳ್ಳೋಣ. ಒಂದು ನಾಟ್ ಎಂದರೆ ಗಂಟೆಗೆ 1.852 ಕಿ.ಮೀ.; ಹಾಗಾಗಿ ಇದು ಗಂಟೆಗೆ ಸುಮಾರು 260 ಕಿ.ಮೀ. ಆಗುತ್ತದೆ. ಎದುರಿನಿಂದ 10 ನಾಟ್ ಗಾಳಿ ಬೀಸುತ್ತಿದ್ದರೆ ಚಕ್ರಗಳು 130 ನಾಟ್ ವೇಗದಲ್ಲಿ ಉರುಳಿದರೆ ಸಾಕು. ಉಳಿದ 10 ನಾಟ್ ಗಾಳಿಯಿಂದಲೇ ದೊರೆಯುತ್ತದೆ. ಅದೇ ಗಾಳಿ ಹಿಂದಿನಿಂದ ಬೀಸಿದರೆ ಚಕ್ರಗಳು 150 ನಾಟ್ ವೇಗ ಮುಟ್ಟಬೇಕು.

ಈ 20 ನಾಟ್ ವ್ಯತ್ಯಾಸ ಸಣ್ಣದಾಗಿ ತೋರಬಹುದು. ಆದರೆ ಓಡಬೇಕಾದ ದೂರವು ನೆಲದ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. 130ರ ವರ್ಗಕ್ಕೂ 150ರ ವರ್ಗಕ್ಕೂ ಹೋಲಿಸಿದರೆ ಎರಡನೆಯದು ಸುಮಾರು ಮೂರನೆಯ ಒಂದರಷ್ಟು ದೊಡ್ಡದು. ಅಂದರೆ ಎದುರುಗಾಳಿಯಲ್ಲಿ 1,500 ಮೀಟರ್ ಓಡಿ ಮೇಲೇರುವ ವಿಮಾನಕ್ಕೆ ಅಷ್ಟೇ ಬಲದ ಹಿಂಗಾಳಿಯಲ್ಲಿ ಸುಮಾರು 2,000 ಮೀಟರ್ ಬೇಕಾಗುತ್ತದೆ. ಇಳಿಯುವಾಗಲೂ ಇದೇ ಲೆಕ್ಕ: ಹಿಂಗಾಳಿಯಲ್ಲಿ ಇಳಿದ ವಿಮಾನ ಹೆಚ್ಚು ವೇಗದಲ್ಲಿ ನೆಲ ಮುಟ್ಟುತ್ತದೆ, ಬ್ರೇಕುಗಳು ಹೀರಿಕೊಳ್ಳಬೇಕಾದ ಶಕ್ತಿ ಹೆಚ್ಚುತ್ತದೆ, ನಿಲ್ಲಲು ಬೇಕಾದ ದೂರ ಬೆಳೆಯುತ್ತದೆ. ರನ್‌ವೇ ಒದ್ದೆಯಾಗಿದ್ದರೆ ಈ ಕಷ್ಟ ಇಮ್ಮಡಿಸುತ್ತದೆ.

ಮೇಲೇರಿದ ನಂತರವೂ ಎದುರುಗಾಳಿ ನೆರವಾಗುತ್ತದೆ. ನೆಲದ ವೇಗ ಕಡಿಮೆಯಿರುವುದರಿಂದ ವಿಮಾನ ಅಷ್ಟೇ ದೂರದಲ್ಲಿ ಹೆಚ್ಚು ಎತ್ತರಕ್ಕೆ ಏರಿರುತ್ತದೆ. ರನ್‌ವೇಯ ಆಚೆಗಿರುವ ಕಟ್ಟಡ, ಗುಡ್ಡ, ಗೋಪುರಗಳನ್ನು ಹೆಚ್ಚಿನ ಅಂತರದಲ್ಲಿ ದಾಟುತ್ತದೆ. ಗಾಳಿಪಟ ಏರಿಸುವ ಮಕ್ಕಳು ಗಾಳಿಗೆ ಎದುರಾಗಿ ಓಡುವುದೂ, ಕೆರೆಯಿಂದ ಮೇಲೇಳುವ ದೊಡ್ಡ ಹಕ್ಕಿಗಳು ಗಾಳಿಗೆ ಮುಖಮಾಡಿ ರೆಕ್ಕೆ ಬಡಿಯುವುದೂ ಇದೇ ತತ್ವದಿಂದ. ರೈಟ್ ಸಹೋದರರು 1903ರ ಡಿಸೆಂಬರ್ 17ರಂದು ಅಮೆರಿಕದ ಕಿಟ್ಟಿ ಹಾಕ್ ಬಳಿ ನಡೆಸಿದ ಮೊದಲ ಹಾರಾಟವೂ ಬಲವಾದ ಎದುರುಗಾಳಿಯಲ್ಲೇ ನಡೆಯಿತು. 12 ಸೆಕೆಂಡುಗಳಲ್ಲಿ ಅವರ ಯಂತ್ರ ಕ್ರಮಿಸಿದ್ದು 120 ಅಡಿ. ನೆಲಕ್ಕೆ ಹೋಲಿಸಿದರೆ ಅದು ಗಂಟೆಗೆ ಸುಮಾರು 11 ಕಿ.ಮೀ. ಮಾತ್ರ, ಮನುಷ್ಯ ಓಡುವಷ್ಟು ವೇಗ. ಉಳಿದುದೆಲ್ಲ ಗಾಳಿಯ ಕೊಡುಗೆ. ವಿಮಾನವಾಹಕ ನೌಕೆಗಳಲ್ಲಿ ರನ್‌ವೇಯನ್ನೇ ತಿರುಗಿಸುವ ಅನುಕೂಲವಿದೆ. ಕಾರವಾರವನ್ನು ನೆಲೆಯಾಗಿಸಿಕೊಂಡಿರುವ ಐಎನ್‌ಎಸ್ ವಿಕ್ರಮಾದಿತ್ಯದಂತಹ ನೌಕೆಗಳು ವಿಮಾನಗಳನ್ನು ಹಾರಿಸುವಾಗ ಗಾಳಿಗೆ ಎದುರಾಗಿ ಸಾಗುತ್ತವೆ.

ಹಿಂಗಾಳಿ ವಿಮಾನಕ್ಕೆ ಲಾಭಕರವೆಂಬ ಮಾತು ಎತ್ತರದಲ್ಲಿ ದೂರ ಪ್ರಯಾಣಿಸುವಾಗ ಮಾತ್ರ ನಿಜ. ಅಲ್ಲಿ ಅದು ಸಮಯವನ್ನೂ ಇಂಧನವನ್ನೂ ಉಳಿಸುತ್ತದೆ. ನೆಲದ ಸಮೀಪದಲ್ಲಿ ಅದೇ ಗಾಳಿ ರನ್‌ವೇಯನ್ನು ತಿನ್ನುತ್ತದೆ.

ಗಾಳಿಯ ಅಳತೆ ಮತ್ತು ಮಿತಿಗಳು

ಗಾಳಿ ಅಪರೂಪಕ್ಕೆ ಮಾತ್ರ ರನ್‌ವೇಯ ನೇರಕ್ಕೆ ಬೀಸುತ್ತದೆ. ಓರೆಯಾಗಿ ಬೀಸುವ ಗಾಳಿಯನ್ನು ಎರಡು ಭಾಗಗಳಾಗಿ ವಿಂಗಡಿಸುತ್ತಾರೆ: ರನ್‌ವೇಯ ಉದ್ದಕ್ಕೆ ಬರುವ ಎದುರುಗಾಳಿ ಅಥವಾ ಹಿಂಗಾಳಿ, ಮತ್ತು ಪಕ್ಕದಿಂದ ಬರುವ ಅಡ್ಡಗಾಳಿ. ಉದಾಹರಣೆಗೆ, ನೇರ ಪಶ್ಚಿಮಕ್ಕೆ, ಅಂದರೆ 270 ಡಿಗ್ರಿಗೆ, ಮುಖಮಾಡಿದ ರನ್‌ವೇಯಲ್ಲಿ 240 ಡಿಗ್ರಿ ದಿಕ್ಕಿನಿಂದ 20 ನಾಟ್ ಗಾಳಿ ಬೀಸುತ್ತಿದ್ದರೆ ಅದರಲ್ಲಿ ಸುಮಾರು 17 ನಾಟ್ ಎದುರುಗಾಳಿ, 10 ನಾಟ್ ಅಡ್ಡಗಾಳಿ. ಕನ್ನಡದಲ್ಲಿ ಪಡುವಣ ಗಾಳಿ ಎಂದರೆ ಪಡುವಣದಿಂದ ಬರುವ ಗಾಳಿ. ವಿಮಾನಯಾನದಲ್ಲಿಯೂ ಗಾಳಿಯನ್ನು ಅದು ಬರುವ ದಿಕ್ಕಿನಿಂದಲೇ ಹೆಸರಿಸುತ್ತಾರೆ.

ರನ್‌ವೇಯ ಅಂಚಿನಲ್ಲಿ ಕಾಣುವ ಕಿತ್ತಳೆ–ಬಿಳಿ ಪಟ್ಟೆಗಳ ಗಾಳಿಚೀಲ ಇಂದಿಗೂ ಬಳಕೆಯಲ್ಲಿದೆ. ಆದರೆ ನಿರ್ಧಾರಗಳು ಹೆಚ್ಚಾಗಿ ನಡೆಯುವುದು ರನ್‌ವೇಯ ಬದಿಯಲ್ಲಿರುವ ಗಾಳಿಮಾಪಕಗಳ ಆಧಾರದ ಮೇಲೆ. ಅನೇಕ ಪ್ರಯಾಣಿಕ ವಿಮಾನಗಳಿಗೆ ಹಿಂಗಾಳಿಯ ಮಿತಿ 10 ನಾಟ್. ಕೆಲವಕ್ಕೆ 15 ನಾಟ್‌ವರೆಗೆ ಅನುಮತಿ ಇರುತ್ತದೆ. ಲೆಕ್ಕಾಚಾರದಲ್ಲಿಯೂ ಎಚ್ಚರಿಕೆಯನ್ನು ಬೆಸೆದಿದ್ದಾರೆ. ರನ್‌ವೇ ಉದ್ದ ಸಾಕೇ ಎಂದು ನೋಡುವಾಗ ವರದಿಯಾದ ಎದುರುಗಾಳಿಯ ಅರ್ಧವನ್ನು ಮಾತ್ರ ಪರಿಗಣಿಸುತ್ತಾರೆ, ಹಿಂಗಾಳಿಯನ್ನಾದರೆ ಒಂದೂವರೆ ಪಟ್ಟು ಎಂದು ಹಿಡಿಯುತ್ತಾರೆ. ಗಾಳಿ ಮಾತು ಕೊಟ್ಟಂತೆ ನಡೆದುಕೊಳ್ಳುವುದಿಲ್ಲ ಎಂಬ ಅನುಭವವೇ ಈ ನಿಯಮದ ಹಿಂದಿದೆ.

ರನ್‌ವೇಗಳ ಸಂಖ್ಯೆ

ರನ್‌ವೇಯ ಎರಡೂ ತುದಿಗಳಲ್ಲಿ ದೊಡ್ಡದಾಗಿ ಬರೆದಿರುವ ಸಂಖ್ಯೆಗಳು ಅದು ಮುಖಮಾಡಿರುವ ದಿಕ್ಕನ್ನು ಸೂಚಿಸುತ್ತವೆ. ದಿಕ್ಸೂಚಿಯ ಕಾಂತೀಯ ಉತ್ತರದಿಂದ ಅಳೆದ ಕೋನವನ್ನು ಹತ್ತರ ಸಮೀಪದ ಸಂಖ್ಯೆಗೆ ಸರಿಹೊಂದಿಸಿ ಕೊನೆಯ ಸೊನ್ನೆಯನ್ನು ಬಿಟ್ಟರೆ ಈ ಸಂಖ್ಯೆ ದೊರೆಯುತ್ತದೆ. ಪೂರ್ವಕ್ಕೆ ಮುಖಮಾಡಿದ್ದು 09, ಪಶ್ಚಿಮಕ್ಕೆ ಮುಖಮಾಡಿದ್ದು 27. ಎರಡು ತುದಿಗಳ ಸಂಖ್ಯೆಗಳಿಗೆ ಯಾವಾಗಲೂ 18ರ ವ್ಯತ್ಯಾಸವಿರುತ್ತದೆ. ಸಮಾನಾಂತರ ರನ್‌ವೇಗಳಿದ್ದರೆ ಎಡ, ಬಲ, ಮಧ್ಯ ಎಂಬ ಗುರುತು ಸೇರುತ್ತದೆ. ಹೀಗಾಗಿ 09 ಬಳಕೆಯಲ್ಲಿದೆ ಎಂದರೆ ವಿಮಾನಗಳು ಪೂರ್ವಕ್ಕೆ ಮುಖಮಾಡಿ ಮೇಲೇರುತ್ತಿವೆ ಮತ್ತು ಪಶ್ಚಿಮದ ಕಡೆಯಿಂದ ಬಂದು ಇಳಿಯುತ್ತಿವೆ ಎಂದರ್ಥ. ಭೂಮಿಯ ಕಾಂತೀಯ ಧ್ರುವ ನಿಧಾನವಾಗಿ ಸರಿಯುವುದರಿಂದ ಈ ಸಂಖ್ಯೆಗಳನ್ನು ಹಲವು ದಶಕಗಳಿಗೊಮ್ಮೆ ಬದಲಿಸಬೇಕಾಗುತ್ತದೆ. ಲಂಡನ್ ಸಮೀಪದ ಸ್ಟಾನ್‌ಸ್ಟೆಡ್ ನಿಲ್ದಾಣದ 05/23 ರನ್‌ವೇಗೆ 2009ರಲ್ಲಿ 04/22 ಎಂದು ಮರುಹೆಸರಿಡಲಾಯಿತು. ರನ್‌ವೇ ಅಲುಗಿರಲಿಲ್ಲ, ದಿಕ್ಸೂಚಿಯ ಮುಳ್ಳು ಅಲುಗಿತ್ತು.

ಮುಂಗಾರು, ಹಿಂಗಾರು ಮತ್ತು ಕರ್ನಾಟಕದ ರನ್‌ವೇಗಳು

ರನ್‌ವೇ ನಿರ್ಮಿಸುವ ಮೊದಲು ಆ ಸ್ಥಳದ ಹಲವು ವರ್ಷಗಳ ಗಾಳಿಯ ದಾಖಲೆಗಳನ್ನು ಪರಿಶೀಲಿಸುತ್ತಾರೆ. ಅಡ್ಡಗಾಳಿ ಮಿತಿಮೀರದೆ ಕನಿಷ್ಠ ಶೇ. 95ರಷ್ಟು ಕಾಲ ನಿಲ್ದಾಣ ಬಳಕೆಗೆ ಸಿಗುವಂತೆ ರನ್‌ವೇಗಳ ದಿಕ್ಕು ಇರಬೇಕೆಂಬುದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಶಿಫಾರಸು. ದೊಡ್ಡ ರನ್‌ವೇಗಳಿಗೆ ಈ ಅಡ್ಡಗಾಳಿಯ ಮಿತಿ 20 ನಾಟ್.

ಬೆಂಗಳೂರಿನಲ್ಲಿ ಈ ಲೆಕ್ಕದ ಫಲ ಸ್ಪಷ್ಟವಾಗಿ ಕಾಣುತ್ತದೆ. ಹಳೆಯ ಎಚ್‌ಎಎಲ್ ವಿಮಾನ ನಿಲ್ದಾಣ, ಯಲಹಂಕದ ವಾಯುಪಡೆ ನೆಲೆ ಮತ್ತು ದೇವನಹಳ್ಳಿಯ ಬಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ, ಈ ಮೂರೂ ಬೇರೆಬೇರೆ ಕಾಲದಲ್ಲಿ ಕಟ್ಟಿದವು. ಮೂರರ ರನ್‌ವೇಗಳೂ ಪೂರ್ವ–ಪಶ್ಚಿಮವಾಗಿ, 09/27 ದಿಕ್ಕಿನಲ್ಲಿವೆ. ಮೈಸೂರಿನ ರನ್‌ವೇಯೂ 09/27. ಹುಬ್ಬಳ್ಳಿ ಮತ್ತು ಬೆಳಗಾವಿಯವು ಅದಕ್ಕೆ ಸಮೀಪದ 08/26. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮ ಮತ್ತು ನೈಋತ್ಯದಿಂದ ಬೀಸುವ ಮುಂಗಾರು ಗಾಳಿ, ಹಿಂಗಾರಿನಿಂದ ಚಳಿಗಾಲದವರೆಗೆ ಪೂರ್ವ ಮತ್ತು ಈಶಾನ್ಯದಿಂದ ಬರುವ ಮೂಡಣ ಗಾಳಿ: ಪ್ರಸ್ಥಭೂಮಿಯ ಈ ಎರಡು ಮುಖ್ಯ ಗಾಳಿಗಳಿಗೂ ಒಂದೇ ಪಟ್ಟಿಯ ಎರಡು ತುದಿಗಳು ಸಾಕಾಗುತ್ತವೆ.

ಕೆಂಪೇಗೌಡ ನಿಲ್ದಾಣ 2008ರ ಮೇ 24ರಂದು ಒಂದು ರನ್‌ವೇಯೊಂದಿಗೆ ಆರಂಭವಾಯಿತು; ಎರಡನೆಯದು 2019ರ ಡಿಸೆಂಬರ್‌ನಲ್ಲಿ ಬಳಕೆಗೆ ಬಂದಿತು. ಎರಡೂ 4,000 ಮೀಟರ್ ಉದ್ದದವು, ಸಮಾನಾಂತರವಾಗಿವೆ. ಮಳೆಗಾಲದಲ್ಲಿ ಇಲ್ಲಿ ವಿಮಾನಗಳು ಹೆಚ್ಚಾಗಿ ಪಶ್ಚಿಮಕ್ಕೆ, ಚಳಿಗಾಲದಲ್ಲಿ ಹೆಚ್ಚಾಗಿ ಪೂರ್ವಕ್ಕೆ ಮೇಲೇರುತ್ತವೆ. ಡಿಸೆಂಬರ್‌ನಲ್ಲಿ ಮುಂಬಯಿಗೆ ಹೊರಟ ವಿಮಾನ ಮೊದಲು ಪೂರ್ವಕ್ಕೆ ಹಾರಿ, ಬಳಿಕ ತಿರುಗಿ ವಾಯವ್ಯಕ್ಕೆ ಸಾಗುವುದು ಇದರಿಂದಲೇ, ದಾರಿ ತಪ್ಪಿದ್ದರಿಂದಲ್ಲ. ಎರಡು ಋತುಗಳ ನಡುವಿನ ತಿಂಗಳುಗಳಲ್ಲಿ ಗಾಳಿ ನಿಶ್ಚಿತವಾಗಿರುವುದಿಲ್ಲ. ಏಪ್ರಿಲ್–ಮೇ ತಿಂಗಳ ಸಂಜೆಯ ಗುಡುಗುಮಳೆಗೆ ಮುನ್ನ ಬರುವ ಬಿರುಗಾಳಿ ಕೆಲವೇ ನಿಮಿಷಗಳಲ್ಲಿ ದಿಕ್ಕನ್ನು ತಲೆಕೆಳಗು ಮಾಡಬಲ್ಲದು. ಸಮುದ್ರಮಟ್ಟದಿಂದ ಸುಮಾರು 915 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಗಾಳಿ ತುಸು ತೆಳು. ಆದ್ದರಿಂದ ಕರಾವಳಿಗಿಂತ ಇಲ್ಲಿ ವಿಮಾನ ಹೆಚ್ಚು ನೆಲದ ವೇಗ ಪಡೆಯಬೇಕು. ಎದುರುಗಾಳಿಯ ಬೆಲೆ ಇಲ್ಲಿ ಅಷ್ಟರಮಟ್ಟಿಗೆ ಹೆಚ್ಚು.

ಕಡಲತೀರದ ನಿಲ್ದಾಣಗಳಲ್ಲಿ ಋತುಚಕ್ರದ ಜೊತೆಗೆ ದಿನಚಕ್ರವೂ ಇದೆ. ಹಗಲಿನಲ್ಲಿ ನೆಲ ಕಾದಂತೆ ಕಡಲಗಾಳಿ ಒಳನಾಡಿನತ್ತ ಬೀಸುತ್ತದೆ. ರಾತ್ರಿ ನೆಲಗಾಳಿ ಕಡಲಿನತ್ತ ತಿರುಗುತ್ತದೆ. ಚೆನ್ನೈನಂತಹ ಕಡೆ ಬೆಳಿಗ್ಗೆ ಒಂದು ದಿಕ್ಕು, ಮಧ್ಯಾಹ್ನದ ನಂತರ ಇನ್ನೊಂದು ದಿಕ್ಕು ಬಳಕೆಯಾಗುವುದು ಇದರಿಂದ.

ಗಾಳಿಯ ಹೊರತಾದ ಕಾರಣಗಳು

ಗಾಳಿ ತೀರ ಮಂದವಾಗಿದ್ದಾಗ ಬೇರೆ ಅಂಶಗಳು ತೀರ್ಮಾನಿಸುತ್ತವೆ. ದಟ್ಟ ಮಂಜಿನಲ್ಲಿ ಇಳಿಯಲು ನೆರವಾಗುವ ಉನ್ನತ ದರ್ಜೆಯ ಉಪಕರಣ ಅವತರಣ ವ್ಯವಸ್ಥೆ, ಅಂದರೆ ಐಎಲ್‌ಎಸ್, ಅನೇಕ ರನ್‌ವೇಗಳ ಒಂದೇ ತುದಿಗೆ ಇರುತ್ತದೆ. ಮಂಜು ಕವಿದಿರುವಾಗ ಗಾಳಿ ಸಾಮಾನ್ಯವಾಗಿ ನಿಶ್ಚಲವಾಗಿರುವುದರಿಂದ ಆ ತುದಿಯನ್ನೇ ಬಳಸುವುದು ಸಾಧ್ಯವಾಗುತ್ತದೆ. ನಿಲ್ದಾಣದ ಒಂದು ಬದಿಯಲ್ಲಿ ಗುಡುಗುಮೋಡ ನಿಂತಿದ್ದರೆ ವಿಮಾನಗಳನ್ನು ಇನ್ನೊಂದು ಬದಿಯಿಂದ ಕಳುಹಿಸಬೇಕಾಗುತ್ತದೆ.

ಒಂದಕ್ಕಿಂತ ಹೆಚ್ಚು ದಿಕ್ಕಿನ ರನ್‌ವೇಗಳಿರುವಲ್ಲಿ ಆಯ್ಕೆ ಇನ್ನಷ್ಟು ತೊಡಕಿನದು. ಮುಂಬಯಿಯ 09/27 ಮತ್ತು 14/32 ರನ್‌ವೇಗಳು ಒಂದನ್ನೊಂದು ಅಡ್ಡಹಾಯುತ್ತವೆ. ಆದ್ದರಿಂದ ಎರಡಿದ್ದರೂ ಸ್ವತಂತ್ರವಾಗಿ ಏಕಕಾಲಕ್ಕೆ ಬಳಸಲಾಗದು. 2019ರ ಜುಲೈ 1ರ ರಾತ್ರಿ ಮಳೆಯಲ್ಲಿ ಇಳಿದ ವಿಮಾನವೊಂದು ಮುಖ್ಯ ರನ್‌ವೇಯ ತುದಿ ದಾಟಿ ಸಿಕ್ಕಿಕೊಂಡಾಗ ಹಲವು ದಿನ ಇಡೀ ಸಂಚಾರ ಚಿಕ್ಕದಾದ 14/32ನ್ನೇ ಅವಲಂಬಿಸಬೇಕಾಯಿತು. ಅನೇಕ ಹಾರಾಟಗಳು ರದ್ದಾದವು.

ಶಬ್ದವೂ ಒಂದು ಕಾರಣ. ಲಂಡನ್ನಿನ ಹೀಥ್ರೂ ನಿಲ್ದಾಣದಲ್ಲಿ ಪಶ್ಚಿಮಾಭಿಮುಖ ಬಳಕೆಗೆ ಆದ್ಯತೆಯಿದ್ದು, ಪೂರ್ವದ ಗಾಳಿ 5 ನಾಟ್ ಮೀರುವವರೆಗೂ ಸಾಮಾನ್ಯವಾಗಿ ಅದೇ ದಿಕ್ಕನ್ನು ಮುಂದುವರಿಸುತ್ತಾರೆ. ಪೂರ್ವದಲ್ಲಿರುವ ಜನನಿಬಿಡ ನಗರದ ಮೇಲೆ ಮೇಲೇರುವ ವಿಮಾನಗಳ ಅಬ್ಬರ ಕಡಿಮೆಯಾಗಲಿ ಎಂಬುದು ಉದ್ದೇಶ. ಪಶ್ಚಿಮಾಭಿಮುಖ ದಿನಗಳಲ್ಲಿ ಅಲ್ಲಿ ಮಧ್ಯಾಹ್ನ 3 ಗಂಟೆಗೆ ಇಳಿಯುವ ಮತ್ತು ಏರುವ ರನ್‌ವೇಗಳನ್ನು ಅದಲುಬದಲು ಮಾಡುತ್ತಾರೆ. ವಿಮಾನಮಾರ್ಗದಡಿ ವಾಸಿಸುವವರಿಗೆ ದಿನದ ಅರ್ಧವಾದರೂ ನೆಮ್ಮದಿ ಸಿಗಲೆಂದು. ಆದರೆ ಶಬ್ದದ ಕಾರಣಕ್ಕೆ ಸುರಕ್ಷತೆಯನ್ನು ಬಿಟ್ಟುಕೊಡುವಂತಿಲ್ಲ. ಬಿರುಸಿನ ಹೊಡೆತವೂ ಸೇರಿ ಹಿಂಗಾಳಿ 5 ನಾಟ್ ಅಥವಾ ಅಡ್ಡಗಾಳಿ 15 ನಾಟ್ ಮೀರಿದರೆ ರನ್‌ವೇ ಆಯ್ಕೆಯಲ್ಲಿ ಶಬ್ದನಿಯಂತ್ರಣ ನಿರ್ಣಾಯಕವಾಗಬಾರದು ಎಂದು ಅಂತರರಾಷ್ಟ್ರೀಯ ನಿಯಮಾವಳಿ ಹೇಳುತ್ತದೆ.

ಬದಲಾವಣೆ ನಡೆಯುವ ಬಗೆ

ದಿಕ್ಕು ಬದಲಿಸುವ ನಿರ್ಧಾರ ವಾಯು ಸಂಚಾರ ನಿಯಂತ್ರಣದ್ದು. ಗಾಳಿ ಒಮ್ಮೆ ತಿರುಗಿದ ಮಾತ್ರಕ್ಕೆ ನಿಯಂತ್ರಕರು ದಿಕ್ಕು ಬದಲಿಸುವುದಿಲ್ಲ. ಹೊಸ ಗಾಳಿ ನೆಲೆಯಾಗಿ ನಿಲ್ಲುವ ಸೂಚನೆಯಿದೆಯೇ ಎಂದು ಹವಾಮಾನ ಮುನ್ಸೂಚನೆಯನ್ನು ನೋಡುತ್ತಾರೆ. ಬದಲಾವಣೆಗೆ ತಗಲುವ ಬೆಲೆಯೇ ಈ ಹಿಂಜರಿಕೆಗೆ ಕಾರಣ. ದೊಡ್ಡ ನಿಲ್ದಾಣವೊಂದರಲ್ಲಿ ಆ ಕ್ಷಣಕ್ಕೆ ಹಲವಾರು ವಿಮಾನಗಳು ಸರದಿಯಲ್ಲಿ ಇಳಿಯಲು ಬರುತ್ತಿರುತ್ತವೆ, ಇನ್ನಷ್ಟು ವಿಮಾನಗಳು ಹಳೆಯ ತುದಿಯಲ್ಲಿ ಸಾಲುಗಟ್ಟಿರುತ್ತವೆ.

ಹಳೆಯ ದಿಕ್ಕಿನಲ್ಲಿ ಕೊನೆಯದಾಗಿ ಇಳಿಯುವ ಮತ್ತು ಏರುವ ವಿಮಾನಗಳು ಯಾವುವೆಂದು ಮೊದಲು ಗೊತ್ತುಪಡಿಸುತ್ತಾರೆ. ಆನಂತರ ಬರುವ ವಿಮಾನಗಳನ್ನು ಸುತ್ತು ಹಾಕಿಸಿ ವಿರುದ್ಧ ಬದಿಗೆ ಕರೆದೊಯ್ಯುತ್ತಾರೆ ಅಥವಾ ಆಕಾಶದಲ್ಲೇ ಕಾಯಿಸುತ್ತಾರೆ. ಒಂದೇ ರನ್‌ವೇಯ ಎರಡು ತುದಿಗಳ ಐಎಲ್‌ಎಸ್ ಸಂಕೇತಗಳು ಏಕಕಾಲಕ್ಕೆ ಹೊಮ್ಮದಂತೆ ಬಂಧಿಸಿರುವುದರಿಂದ ಒಂದನ್ನು ಆರಿಸಿ ಇನ್ನೊಂದನ್ನು ಚಾಲೂ ಮಾಡಬೇಕು. ನೆಲದ ಮೇಲೆ ಕಾಯುತ್ತಿದ್ದ ವಿಮಾನಗಳು ರನ್‌ವೇಯ ಇನ್ನೊಂದು ತುದಿಗೆ ಉರುಳಿಕೊಂಡು ಹೋಗಬೇಕು. ಪೈಲಟ್‌ಗಳು ತೂಕ, ಗಾಳಿ, ಉಷ್ಣಾಂಶಗಳ ಲೆಕ್ಕವನ್ನು ಹೊಸ ರನ್‌ವೇಗೆ ಹೊಂದಿಸಿ ಮರಳಿ ಮಾಡಬೇಕು. ಆಸನದಲ್ಲಿ ಕುಳಿತ ಪ್ರಯಾಣಿಕನಿಗೆ ಇದೆಲ್ಲ ಕಾರಣ ತಿಳಿಯದ ವಿಳಂಬವಾಗಿ ಮಾತ್ರ ಕಾಣುತ್ತದೆ.

ಒಂದು ದಿಕ್ಕಿನ ಸಂಚಾರ ಮುಗಿಯುವ ಮೊದಲೇ ಇನ್ನೊಂದು ದಿಕ್ಕಿನದು ಆರಂಭವಾದರೆ ವಿಮಾನಗಳು ಮುಖಾಮುಖಿಯಾಗುವ ಅಪಾಯವಿದೆ. 2012ರ ಜುಲೈ 31ರಂದು ವಾಷಿಂಗ್ಟನ್ನಿನ ರೀಗನ್ ರಾಷ್ಟ್ರೀಯ ನಿಲ್ದಾಣದಲ್ಲಿ ಬಿರುಗಾಳಿಮಳೆಯ ಕಾರಣ ಇಳಿಯುವ ದಿಕ್ಕನ್ನು ಬದಲಿಸುವಾಗ ನಿಯಂತ್ರಕರ ನಡುವೆ ಮಾಹಿತಿ ಸರಿಯಾಗಿ ತಲುಪಲಿಲ್ಲ. ಇಳಿಯಲು ಬರುತ್ತಿದ್ದ ವಿಮಾನದ ಕಡೆಗೇ ಎರಡು ವಿಮಾನಗಳು ಮೇಲೇರಿದವು. ಬಂದ ವಿಮಾನವನ್ನು ತಿರುಗಿಸಿದ್ದರಿಂದ ಡಿಕ್ಕಿ ತಪ್ಪಿತು, ಆದರೆ ಇರಬೇಕಾದ ಅಂತರ ಉಳಿದಿರಲಿಲ್ಲ.

ಕೋಯಿಕ್ಕೋಡ್ ದುರಂತ

ಹಿಂಗಾಳಿಯಲ್ಲಿ ಇಳಿಯುವುದರ ಅಪಾಯ ಭಾರತದಲ್ಲಿ ಅತ್ಯಂತ ಕಠೋರವಾಗಿ ಕಂಡದ್ದು 2020ರ ಆಗಸ್ಟ್ 7ರಂದು. ದುಬೈಯಿಂದ 190 ಜನರೊಂದಿಗೆ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ 1344 ವಿಮಾನ ಕೇರಳದ ಕೋಯಿಕ್ಕೋಡ್ ನಿಲ್ದಾಣದಲ್ಲಿ ಮೊದಲು ಪಶ್ಚಿಮಾಭಿಮುಖವಾದ 28ನೇ ರನ್‌ವೇಯಲ್ಲಿ ಇಳಿಯಲು ಯತ್ನಿಸಿತು. ಮಳೆ ಸುರಿಯುತ್ತಿತ್ತು. ಆ ಯತ್ನವನ್ನು ಕೈಬಿಟ್ಟು, ಮತ್ತೆ ಸುತ್ತಿ ಬಂದು ಅದೇ ಪಟ್ಟಿಯ ಇನ್ನೊಂದು ತುದಿಯಾದ 10ರಲ್ಲಿ ಇಳಿಯಿತು. ಮುಂಗಾರಿನ ಪಡುವಣ ಗಾಳಿ ಈಗ ಬೆನ್ನಿಗಿತ್ತು. ನೆಲ ಮುಟ್ಟುವಾಗ ಹಿಂಗಾಳಿ ಸುಮಾರು 14 ನಾಟ್ ಇದ್ದಿತೆಂದು ತನಿಖೆ ಕಂಡುಕೊಂಡಿತು.

2,700 ಮೀಟರ್ ಉದ್ದದ ರನ್‌ವೇಯಲ್ಲಿ ವಿಮಾನ ನೆಲ ಮುಟ್ಟಿದ್ದು ಆರಂಭದಿಂದ ಸುಮಾರು 1,350 ಮೀಟರ್ ದೂರದಲ್ಲಿ. ಅರ್ಧ ರನ್‌ವೇ ಆಗಲೇ ಕಳೆದುಹೋಗಿತ್ತು. ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಿ ನಿರ್ಮಿಸಿದ ಆ ನಿಲ್ದಾಣದ ತುದಿಯಿಂದ ವಿಮಾನ ಕೆಳಕ್ಕೆ ಬಿದ್ದು ತುಂಡಾಯಿತು. ಇಬ್ಬರು ಪೈಲಟ್‌ಗಳೂ ಸೇರಿ 21 ಮಂದಿ ಮೃತಪಟ್ಟರು. ಅಸ್ಥಿರವಾಗಿದ್ದ ಇಳಿಯುವಿಕೆಯನ್ನು ಮುಂದುವರಿಸಿದ್ದು ಮತ್ತು ಸಹಪೈಲಟ್ ಮತ್ತೆ ಮೇಲೇರುವಂತೆ ಕರೆ ಕೊಟ್ಟರೂ ಹಾಗೆ ಮಾಡದಿದ್ದುದು ಸಂಭಾವ್ಯ ಕಾರಣವೆಂದು ವಿಮಾನ ಅಪಘಾತ ತನಿಖಾ ಬ್ಯೂರೋದ 2021ರ ವರದಿ ಹೇಳಿತು. ಗಾಳಿಯೊಂದೇ ಕಾರಣವಾಗಿರಲಿಲ್ಲ, ಆದರೆ ಇದ್ದ ಎಲ್ಲ ತಪ್ಪುಗಳನ್ನೂ ಅದು ದೊಡ್ಡದು ಮಾಡಿತು: ತಡವಾಗಿ ನೆಲ ಮುಟ್ಟಿದ ವಿಮಾನಕ್ಕೆ ಎದುರುಗಾಳಿ ಕೊಡುತ್ತಿದ್ದ ರಿಯಾಯಿತಿ ಅಂದು ಇರಲಿಲ್ಲ.

ದಿಕ್ಕು ಬದಲಿಸಲಾಗದ ನಿಲ್ದಾಣಗಳು

ಕೆಲವು ಪರ್ವತ ಪ್ರದೇಶದ ನಿಲ್ದಾಣಗಳಲ್ಲಿ ಗಾಳಿ ಎತ್ತಲಿಂದ ಬೀಸಿದರೂ ದಿಕ್ಕು ಬದಲಿಸುವ ಅವಕಾಶವಿಲ್ಲ. ನೇಪಾಳದ ಲುಕ್ಲಾದಲ್ಲಿ 527 ಮೀಟರ್ ಉದ್ದದ ರನ್‌ವೇ ಶೇ. 11.7ರಷ್ಟು ಇಳಿಜಾರಾಗಿದ್ದು, ಅದರ ಮೇಲ್ತುದಿಯಲ್ಲಿ ಬೆಟ್ಟವೇ ಇದೆ. ಅಲ್ಲಿ ವಿಮಾನಗಳು ಏರುಮುಖವಾಗಿ ಇಳಿಯುತ್ತವೆ, ಇಳಿಮುಖವಾಗಿ ಮೇಲೇರುತ್ತವೆ. ಇಳಿಜಾರು ಬ್ರೇಕಿನ ಕೆಲಸವನ್ನೂ ಎಂಜಿನ್ನಿನ ಕೆಲಸವನ್ನೂ ಹಂಚಿಕೊಳ್ಳುತ್ತದೆ. ಸುಮಾರು 3,256 ಮೀಟರ್ ಎತ್ತರದ ಲೇಹ್‌ನಲ್ಲಿ ಪ್ರಯಾಣಿಕ ವಿಮಾನಗಳು ಪೂರ್ವದ ಕಡೆಗೆ ಮುಖಮಾಡಿ 07ರಲ್ಲಿ ಇಳಿದು, ಅದಕ್ಕೆ ವಿರುದ್ಧವಾಗಿ 25ರಲ್ಲಿ ಮೇಲೇರುವುದು ವಾಡಿಕೆ. ಮಧ್ಯಾಹ್ನದ ಹೊತ್ತಿಗೆ ಕಣಿವೆಯ ಗಾಳಿ ಬಿರುಸಾಗುವುದರಿಂದ ಅಲ್ಲಿನ ವೇಳಾಪಟ್ಟಿಯನ್ನು ಬೆಳಗಿನ ಹೊತ್ತಿಗೆ ಹೊಂದಿಸಲಾಗಿದೆ. ದಿಕ್ಕನ್ನು ಬದಲಿಸಲಾಗದ ಕಡೆ ಬದಲಾಗುವುದು ಹೊತ್ತು. ಗಾಳಿ ಮಿತಿಮೀರಿದ ದಿನ ವಿಮಾನ ಬರುವುದಿಲ್ಲ.